ಗಬ್ಬದ ಆಕಳು ತರುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿ

ನಮ್ಮೂರು ಹಾವೇರಿ ಜಿಲ್ಲೆಯ ಶಿಗ್ಗಾಂವ ಕಡೆ. ದನದ ಗಬ್ಬ ಬೀಳಿಸುವ, ಮನುಷ್ಯರಿಗೂ ತಗಲುವ ಬ್ರುಸೆಲ್ಲೋಸಿಸ್ ಅನ್ನೋ ರೋಗದ ಮಾತಿದು. ದನ, ಕುರಿ ಕಟ್ಟಿದವರು ಯಾರಿದ್ದರೂ ಇದನ್ನು ಪೂರ್ತಿ ಓದಿ. ಸಂತೆಗೆ ಹೊರಟವರಂತೂ ಓದಿಯೇ ಹೋಗಿ.

ಹೋದ ವರ್ಷ ಕಾರಹುಣ್ಣಿಮೆ ಮುಗಿದ ವಾರ, ದಲ್ಲಾಳಿಯೊಬ್ಬನ ಕೈಯಿಂದ ಎಚ್‌.ಎಫ್. ಕ್ರಾಸ್ (ಹೋಲ್‌ಸ್ಟೈನ್ ಫ್ರೀಸಿಯನ್ ಮಿಶ್ರ ತಳಿ) ಆಕಳು ತಂದೆವು. 58,000 ರೂಪಾಯಿ. ಮೂರನೇ ಸೂಲು, ಐದೂವರೆ ತಿಂಗಳ ಗಬ್ಬ. ಹಲ್ಲು ನೋಡಿದೆವು, ಕೆಚ್ಚಲು ನೋಡಿದೆವು, ಸುಳಿ ಕೂಡ ನೋಡಿದೆವು. ರಕ್ತ ಪರೀಕ್ಷೆಯ ಮಾತೇ ಯಾರ ಬಾಯಲ್ಲೂ ಬರಲಿಲ್ಲ. ಮನೆಗೆ ತಂದವರೇ ನಮ್ಮ ಹಳೇ ಆಕಳ ಪಕ್ಕದಲ್ಲಿ, ಅದೇ ಗೋದಲಿಗೆ ಕಟ್ಟಿದೆವು.

ನಾಗರಪಂಚಮಿ ಹಿಂದಿನ ದಿನ ನಸುಕಿನಲ್ಲಿ ಹೋಗಿ ನೋಡಿದರೆ ಕಂದು ಹಾಕಿತ್ತು, ಅಂದರೆ ತಿಂಗಳು ತುಂಬುವ ಮುಂಚೆಯೇ ಗಬ್ಬ ಬಿದ್ದಿತ್ತು. ಏಳು ತಿಂಗಳ ಕರು. ಮೈಮೇಲೆ ಕೂದಲು ಸರಿಯಾಗಿ ಬಂದಿರಲಿಲ್ಲ, ಗೊರಸು ಇನ್ನೂ ಹಳದಿ ಬಣ್ಣ, ಮುಟ್ಟಿದರೆ ಮೆತ್ತಗೆ. ಅವ್ವ "ಯಾರದೋ ಕಣ್ಣು ಬಿದ್ದೈತಿ" ಅಂದಳು. ನಾವೂ ಹಾಗೇ ಅಂದುಕೊಂಡೆವು. ಸಂಜೆಯಾದರೂ ಕಸ, ಅಂದರೆ ಮಾಸು, ಬೀಳಲಿಲ್ಲ. ತಮ್ಮ ಮೊಣಕೈವರೆಗೂ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೈ ಹಾಕಿ ಎಳೆದ. ಹಿಂದಿನ ದಿನ ಮೇವು ಕೊಯ್ಯುವಾಗ ಕುಡಗೋಲು ತಾಗಿ ಅವನ ಹೆಬ್ಬೆರಳು ಕೊಯ್ದಿತ್ತು, ಅದಕ್ಕೆ ಬಟ್ಟೆ ಚೂರು ಸುತ್ತಿಕೊಂಡಿದ್ದ. ಆ ಕಸ, ಆ ಕಂದು ಎರಡನ್ನೂ ತಿಪ್ಪೆಗೆ ಹಾಕಿದೆವು. ರಾತ್ರಿ ನಾಯಿಗಳು ಓಣಿ ತುಂಬ ಎಳೆದಾಡಿದವು.

ಮಾಡಬಾರದ್ದನ್ನೆಲ್ಲ ಒಂದೇ ದಿನದಲ್ಲಿ ಮಾಡಿದ್ದೆವು.

ದಸರಾ ಹೊತ್ತಿಗೆ ತಮ್ಮನಿಗೆ ಜ್ವರ ಶುರುವಾಯಿತು. ಸಂಜೆ ಬರುವುದು, ರಾತ್ರಿ ಅಂಗಿ ಹಿಂಡುವಷ್ಟು ಬೆವರು, ಬೆಳಿಗ್ಗೆ ಇಳಿಯುವುದು. ಸೊಂಟ ಹಿಡಿದು ಕೂತರೆ ಏಳಲು ಆಗುತ್ತಿರಲಿಲ್ಲ. ಟೈಫಾಯ್ಡ್ ಅಂತ ಹೇಳಿ ಮೂರು ವಾರ ಔಷಧ ಕೊಟ್ಟರು, ಕಡಿಮೆಯಾಗಲಿಲ್ಲ. ಕೊನೆಗೆ ಹುಬ್ಬಳ್ಳಿಯಲ್ಲಿ ಒಬ್ಬ ಡಾಕ್ಟರು "ಮನ್ಯಾಗ ದನ ಅದಾವೇನು? ಯಾವರೆ ಕಂದು ಹಾಕೈತೇನು?" ಅಂತ ಕೇಳಿದರು. ಆಗ ನಮ್ಮ ಎದೆ ಧಸಕ್ ಅಂತು. ರಕ್ತ ಪರೀಕ್ಷೆಯಲ್ಲಿ ಬ್ರುಸೆಲ್ಲೋಸಿಸ್ ಅಂತ ಬಂತು. ನಮ್ಮ ಕಡೆ ಕಂದು ರೋಗ ಅಂತಾರಲ್ಲ, ಅದೇ. ಆರು ವಾರ ಬಿಡದೆ ಮಾತ್ರೆ ನುಂಗಿದ. ಜ್ವರ ಬಿಟ್ಟರೂ ಸೊಂಟನೋವು ಪೂರ್ತಿ ಹೋಗಿಲ್ಲ.

ದೀಪಾವಳಿ ಮುಗಿಯುವಷ್ಟರಲ್ಲಿ ಹಳೇ ಆಕಳೂ ಕಂದು ಹಾಕಿತು. ಅದು ನಮ್ಮ ಮನೆಯಲ್ಲೇ ಹುಟ್ಟಿ ಬೆಳೆದಿದ್ದು.

ಆಮೇಲೆ ಪಶುವೈದ್ಯರು ಬಂದು ಎರಡರ ರಕ್ತವನ್ನೂ ತೆಗೆದುಕೊಂಡು ಹೋದರು. ಎರಡಕ್ಕೂ ರೋಗ ಇತ್ತು. ಅವರು ಹೇಳಿದ ಒಂದು ಮಾತು ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. ಈ ರೋಗ ಬಂದ ಆಕಳು ಹೆಚ್ಚಾಗಿ ಒಂದೇ ಸಲ ಕಂದು ಹಾಕುತ್ತದೆ. ಮುಂದಿನ ಸೂಲಿಗೆ ಸರಿಯಾಗಿಯೇ ಈಯಬಹುದು. ನೋಡಿದವರಿಗೆ ಗುಣವಾಯಿತು ಅನ್ನಿಸುತ್ತದೆ. ಆದರೆ ರೋಗಾಣು ಹಾಲಿನಲ್ಲಿ, ಈದಾಗಿನ ನೀರಿನಲ್ಲಿ, ಕಸದಲ್ಲಿ ಹೊರಗೆ ಬರುತ್ತಲೇ ಇರುತ್ತದೆ. ಅಂಥ ಆಕಳು ಸಂತೆಯಲ್ಲಿ ನಿಂತರೆ ಹಲ್ಲು, ಕೆಚ್ಚಲು, ಸುಳಿ ನೋಡಿ ಏನು ಗೊತ್ತಾಗುತ್ತದೆ, ಹೇಳಿ?

ಅದಕ್ಕೇ ಹೇಳುತ್ತಿದ್ದೇನೆ, ದುಡ್ಡು ಕೊಡುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿ. ಒಂದು ಸಲ ಇಲ್ಲ ಅಂತ ಬಂದರೂ ಸುಮ್ನೆ ಕೂರಬೇಡಿ. ರೋಗ ಹೊಸದಾಗಿ ತಗುಲಿದ್ದರೆ, ಅದರಲ್ಲೂ ಗಬ್ಬದ ದನದಲ್ಲಿ, ಮೊದಲ ಪರೀಕ್ಷೆಯಲ್ಲಿ ಸಿಗದೇ ಇರಬಹುದು. ಒಂದು ತಿಂಗಳು ಬೇರೆ ಕಡೆ ಕಟ್ಟಿ, ನೀರಿನ ಬಕೆಟ್ ಕೂಡ ಬೇರೆ ಇಡಿ, ಮತ್ತೆ ಪರೀಕ್ಷೆ ಮಾಡಿಸಿ. ಈದ ಮೇಲೆ ಇನ್ನೊಮ್ಮೆ ಮಾಡಿಸಿದರೆ ಒಳ್ಳೆಯದು.

ಕಂದು ಬಿದ್ದರೆ ಬರಿಗೈಲಿ ಮುಟ್ಟಲೇಬೇಡಿ. ಬಸುರಿ ಹೆಂಗಸರನ್ನು ಆ ಕಡೆ ಬಿಡಬೇಡಿ. 1962ಕ್ಕೆ ಫೋನ್ ಮಾಡಿದರೆ ಪಶು ಸಂಚಾರಿ ವಾಹನ ಮನೆ ಬಾಗಿಲಿಗೆ ಬರುತ್ತದೆ. ಕಸ, ಕಂದು, ಅಡಿಯ ಮೇವು ಎಲ್ಲವನ್ನೂ ನಾಯಿ ಕೆದರದಷ್ಟು ಆಳಕ್ಕೆ ತೆಗ್ಗು ತೋಡಿ, ಸುಣ್ಣ ಹಾಕಿ ಮುಚ್ಚಿ, ಮೇಲೆ ಜಾಲಿ ಮುಳ್ಳು ಹಾಕಿ. ನೊರೆಹಾಲು ಗಟ್ಟಿ ಅಂತ ಮಕ್ಕಳಿಗೆ ಹಸಿ ಹಾಲು ಕುಡಿಸುವ ರೂಢಿ ನಮ್ಮಲ್ಲಿ ಇದೆಯಲ್ಲ, ಅದನ್ನು ಬಿಡಿ. ಉಕ್ಕಿಸಿದರೆ ರೋಗಾಣು ಸಾಯುತ್ತದೆ.

ಕುರಿಯವರಿಗೂ ಇದು ಬೇರೆಯಲ್ಲ. ಕುರಿ, ಆಡಿನಲ್ಲಿ ಬರುವ ಬ್ರುಸೆಲ್ಲಾ (ಈ ರೋಗದ ರೋಗಾಣು) ಜಾತಿ ಮನುಷ್ಯರಿಗೆ ಇನ್ನೂ ಜೋರಾಗಿ ತಗಲುತ್ತದೆ. ಹಿಂಡಿನಲ್ಲಿ ಸಾಲಾಗಿ ಮರಿ ಬಿದ್ದರೆ ಕಾರಣ ಬೇರೆ ರೋಗವೂ ಇರಬಹುದು, ಊಹೆ ಮಾಡಿ ಇಂಜೆಕ್ಷನ್ ಕೊಡಿಸಬೇಡಿ. ಬಿದ್ದ ಮರಿಯನ್ನು ವೈದ್ಯರಿಗೆ ತೋರಿಸಿ.

ದನಕ್ಕೆ ಲಸಿಕೆ ಇದೆ. ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣು ಕರುವಿಗೆ, ಎಮ್ಮೆಯ ಹೆಣ್ಣು ಕರುವಿಗೂ, ಒಂದೇ ಸಲ. 2019ರಿಂದ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಪುಕ್ಕಟೆ ಹಾಕುತ್ತಾರೆ. ಗಂಡು ಕರುವಿಗೆ, ಗಬ್ಬದ ದನಕ್ಕೆ ಹಾಕುವುದಿಲ್ಲ. ಅದರಲ್ಲಿ ಜೀವಂತ ರೋಗಾಣು ಇರುತ್ತದೆ, ಸೂಜಿ ಕೈಗೆ ಚುಚ್ಚಿದರೆ ಮನುಷ್ಯರಿಗೇ ರೋಗ ಬರಬಹುದು. ಹಾಗಾಗಿ ವೈದ್ಯರೇ ಹಾಕಬೇಕು. ನಮ್ಮ ಹಳೇ ಆಕಳು ಕರುವಿದ್ದಾಗ ಇದನ್ನು ಹಾಕಿಸಿರಲಿಲ್ಲ.

ಮೊನ್ನೆ ಅದೇ ದಲ್ಲಾಳಿ ಫೋನ್ ಮಾಡಿದ್ದ. "ಇನ್ನೊಂದು ಸಲ ಗಬ್ಬ ಕಟ್ಟಿಸ್ರಿ, ಗದಗ ಕಡೆ ಸಂತಿಗೆ ಹೊಡ್ಯೋಣು, ರೊಕ್ಕ ವಾಪಸ್ ಬರ್ತಾವ" ಅಂದ. ಆಗಲ್ಲ ಅಂದೆ. ಅವನು ಕೊಟ್ಟ ಆಕಳು ಈಗ ಹಿತ್ತಲ ಬೇಲಿ ಹತ್ತಿರ ಒಂಟಿಯಾಗಿ ನಿಂತಿದೆ, ಯಾರಿಗೂ ಮಾರಿಲ್ಲ. ಆದರೆ ಅವನು ಅಷ್ಟು ಸಲೀಸಾಗಿ ಕೇಳಿದ ಅಂದರೆ, ಹಿಂದೆ ಎಷ್ಟು ಮನೆಯವರು ಹ್ಞೂಂ ಅಂದಿರಬೇಕು.