ಗುಡ್ಡೆಯಲ್ಲಿ ರಾತ್ರಿ ನಿಲ್ಲುವ ಗಾಡಿಗೆ ಯಾವ ಬ್ಯಾಟರಿ? ಕಾಸರಗೋಡಿನ ಮಳೆ-ಸೆಕೆಗೆ ತಕ್ಕಂತೆ ಒಂದು ವಿಮರ್ಶೆ

ಗಾಡಿಯಲ್ಲೇ ಮಲಗಿ ಎರಡು ದಿನ ಸುತ್ತಬೇಕೆಂದು ಹೊರಟವರು ಇನ್ವರ್ಟರ್ ಅಂಗಡಿಗೆ ಹೋದರೆ ಅಲ್ಲಿ ಕೇಳುವ ಮೊದಲ ಪ್ರಶ್ನೆ, “ಎಷ್ಟು ಎಎಚ್ ಬೇಕು?” ಎಎಚ್ ಎಂದರೆ ಆಂಪಿಯರ್-ಅವರ್, ಬ್ಯಾಟರಿಯಲ್ಲಿ ಎಷ್ಟು ಕರೆಂಟು ಹಿಡಿಸುತ್ತದೆ ಎಂಬ ಅಳತೆ. ಅದಕ್ಕೂ ಮೊದಲು ಕೇಳಬೇಕಾದದ್ದು, ಖಾಲಿಯಾದ ಬ್ಯಾಟರಿ ಎಲ್ಲಿಂದ ತುಂಬುತ್ತದೆ ಎಂದು. ಗುಡ್ಡೆ ಕೊರೆದ ಸುರಂಗದ ನೀರು ಕಿರುಬೆರಳಷ್ಟೇ ಬರುತ್ತಿದ್ದರೆ ಟ್ಯಾಂಕಿ ಎಷ್ಟು ದೊಡ್ಡದು ಕಟ್ಟಿದರೂ ಕಂಗಿನ ತೋಟ ನೆನೆಯುವುದಿಲ್ಲ. ಈ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ವರ್ಷದಲ್ಲಿ ನಾಲ್ಕು ತಿಂಗಳು ಮಳೆ, ಉಳಿದ ದಿನಗಳಲ್ಲೂ ಗಾಡಿ ನಿಲ್ಲಿಸುವುದು ಮರದ ನೆರಳಲ್ಲೇ. ಹಾಗಾಗಿ ಬ್ಯಾಟರಿ ತುಂಬಿಸಲು ನಂಬಬಹುದಾದದ್ದು ಗಾಡಿಯದೇ ಆಲ್ಟರ್ನೇಟರ್, ಅಂದರೆ ಇಂಜಿನ್ ತಿರುಗಿಸುವ ಡೈನಮೋ. ಸೋಲಾರ್ ಆಮೇಲಿನ ಮಾತು.

ಮೊದಲು ಖರ್ಚಿನ ಲೆಕ್ಕ. ಇಬ್ಬರು ಮಲಗುವ ಓಮ್ನಿ ಅಥವಾ ಬೊಲೆರೊ ಎಂದಿಟ್ಟುಕೊಳ್ಳಿ. 40 ಲೀಟರಿನ ಕಂಪ್ರೆಸರ್ ಫ್ರಿಜ್ಜಿಗೆ ದಿನಕ್ಕೆ ಸುಮಾರು 450 ವಾಟ್-ಅವರ್. ಮೇ ತಿಂಗಳ ಸೆಕೆಗೆ ಅದೇ 600 ಮುಟ್ಟುತ್ತದೆ. 15 ವಾಟಿನ ಎರಡು ಫ್ಯಾನು ರಾತ್ರಿ 9 ಗಂಟೆ ತಿರುಗಿದರೆ 270. ಎಲ್‌ಇಡಿ ಪಟ್ಟಿಗೆ 50, ಮೂರು ಮೊಬೈಲಿಗೆ 60, ಲ್ಯಾಪ್‌ಟಾಪಿಗೆ 60. ಒಟ್ಟು 890, ಅಂದರೆ ಕೆಎಸ್‌ಇಬಿ ಬಿಲ್ಲಿನ ಒಂದು ಯೂನಿಟಿಗಿಂತ, ಅಂದರೆ 1000 ವಾಟ್-ಅವರಿಗಿಂತ, ಸ್ವಲ್ಪ ಕಡಿಮೆ. ಈ ಲೆಕ್ಕದಲ್ಲಿ ಇಂಡಕ್ಷನ್ ಒಲೆ ಇಲ್ಲ. 1800 ವಾಟಿನ ಒಲೆಯಲ್ಲಿ ಕುಚ್ಚಲಕ್ಕಿ ಇಟ್ಟರೆ ಅನ್ನವಾಗುವ ಮುಂಚೆ ಬ್ಯಾಟರಿಯ ಕತೆ ಮುಗಿದಿರುತ್ತದೆ. ಅಡುಗೆಗೆ ಗ್ಯಾಸೇ ಸರಿ.

ಫ್ರಿಜ್ಜಿನ ವಿಷಯದಲ್ಲಿ ಮೋಸ ಹೋಗುವವರು ಜಾಸ್ತಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ‘ಕಾರ್ ಫ್ರಿಜ್’ಗಳಲ್ಲಿ ಬಹಳಷ್ಟು ಪೆಲ್ಟಿಯರ್ ಜಾತಿಯವು. ಒಳಗೆ ಕಂಪ್ರೆಸರ್ ಇರುವುದಿಲ್ಲ, ಹೊರಗಿನ ಸೆಕೆಗಿಂತ 15ರಿಂದ 20 ಡಿಗ್ರಿ ಇಳಿಸುವುದಷ್ಟೇ ಅವುಗಳ ಕೈಲಾಗುವುದು. ಹೊರಗೆ 34 ಇದ್ದರೆ ಒಳಗೆ ಚೆನ್ನಾಗಿ ಕೆಲಸ ಮಾಡಿದರೂ 14ರಿಂದ 19. ಮೀನು ಕೆಡಲು ಅಷ್ಟು ಸಾಕು. ಹೆಚ್ಚಿನವು ನಿಲ್ಲದೆ ಓಡುತ್ತವೆ: 48 ವಾಟಿನದು 24 ಗಂಟೆಗೆ 1150 ವಾಟ್-ಅವರ್ ತಿನ್ನುತ್ತದೆ, ಕಂಪ್ರೆಸರ್ ಫ್ರಿಜ್ಜಿನ ಎರಡೂವರೆ ಪಟ್ಟು. ಫ್ರಿಜ್ಜಿನಲ್ಲಿ ಉಳಿಸಿದ ದುಡ್ಡನ್ನು ಬ್ಯಾಟರಿಗೆ ಸುರಿಯಬೇಕಾಗುತ್ತದೆ.

ಇನ್ನು ಬ್ಯಾಟರಿ. ಮನೆಯ ಇನ್ವರ್ಟರಿನ 150 ಎಎಚ್ ಟ್ಯೂಬ್ಯುಲರ್ (ಸೀಸ-ಆ್ಯಸಿಡ್) ಬ್ಯಾಟರಿಯನ್ನೇ ಹಿಂದಿನ ಸೀಟಿನ ಜಾಗದಲ್ಲಿ ಇಟ್ಟರಾಯಿತಲ್ಲ ಎಂದು ಯೋಚಿಸುವವರು ಇದ್ದಾರೆ. ಕಾಗದದಲ್ಲಿ ಅದು 1800 ವಾಟ್-ಅವರ್. ಆದರೆ ಆ 150 ಎಎಚ್ 20 ಗಂಟೆಯಲ್ಲಿ ನಿಧಾನಕ್ಕೆ, ಅಂದರೆ 7.5 ಆಂಪಿಯರಿನಂತೆ, ತೆಗೆದಾಗ ಸಿಗುವ ಅಳತೆ. ಬೇಗ ತೆಗೆದರೆ ಅಷ್ಟು ಸಿಗುವುದಿಲ್ಲ. ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಉಳಿಯುವುದು 900. ತೂಕ 50 ಕೆಜಿಗೂ ಮೇಲೆ. ಚಾರ್ಜಾಗುವಾಗ ಹೈಡ್ರೋಜನ್ ಬಿಡುತ್ತದೆ, ತಿರುವಿನಲ್ಲಿ ಆ್ಯಸಿಡ್ ತುಳುಕುತ್ತದೆ. ಮಲಗುವ ಜಾಗದಲ್ಲಿ ಇದು ಬೇಡವೇ ಬೇಡ. ಮನೆಯ ಮೂಲೆಯಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ, ಅದು ಬೇರೆ ಮಾತು.

ಗಾಡಿಗೆ ಬೇಕಾದದ್ದು ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿಯ ಮಾತಿನಲ್ಲಿ ಎಲ್‌ಎಫ್‌ಪಿ. ನಾಲ್ಕು ಸೆಲ್ ಸಾಲಾಗಿ ಸೇರಿ 12.8 ವೋಲ್ಟ್. 100 ಎಎಚ್ ಎಂದರೆ 1280 ವಾಟ್-ಅವರ್, ಅದರಲ್ಲಿ 90 ಶೇಕಡಾ ಧೈರ್ಯವಾಗಿ ಬಳಸಬಹುದು. ತೂಕ 10ರಿಂದ 12 ಕೆಜಿ. ಮೇಲಿನ ಲೆಕ್ಕಕ್ಕೆ ಒಂದು ದಿನ ಕಳೆದು ಮರುದಿನ ಬೆಳಗ್ಗಿನ ಕಾಪಿಯವರೆಗೆ ಬರುತ್ತದೆ. ಟ್ಯೂಬ್ಯುಲರಿನ ಸುಮಾರು ಎರಡು ಪಟ್ಟು ಬೆಲೆ ಕೊಡಬೇಕು, ಆದರೆ ಸಾವಿರಾರು ಸಲ ಖಾಲಿ ಮಾಡಿ ತುಂಬಿದರೂ ತಡೆಯುತ್ತದೆ.

ಅಂಗಡಿಯಲ್ಲಿ ನೋಡಬೇಕಾದ ಮೊದಲ ವಿಷಯ 12.8 ಎಂಬ ಅಂಕೆ. ಸೋಲಾರ್ ಬೀದಿದೀಪಕ್ಕೆಂದು ಮಾರುವ ಲಿಥಿಯಂ ಪೆಟ್ಟಿಗೆಗಳಲ್ಲಿ 11.1 ವೋಲ್ಟಿನವೂ ಉಂಟು. ಅವು ಎನ್‌ಎಂಸಿ ಸೆಲ್ಲಿನವು (ಇನ್ನೊಂದು ಜಾತಿಯ ಲಿಥಿಯಂ), 12.6 ವೋಲ್ಟಿಗೆ ತುಂಬಿಬಿಡುತ್ತವೆ. ಎಲ್‌ಎಫ್‌ಪಿ ಚಾರ್ಜರ್ 14.4ರಿಂದ 14.6 ಕೊಡುತ್ತದೆ. ಅದನ್ನು ಇದಕ್ಕೆ ಸಿಕ್ಕಿಸಿದರೆ ಬೆಂಕಿಗೂ ನಿಮಗೂ ನಡುವೆ ಉಳಿಯುವುದು ಸೆಲ್ಲುಗಳನ್ನು ಕಾಯುವ, ಒಳಗಿನ ಬಿಎಂಎಸ್ ಸರ್ಕ್ಯೂಟ್ ಒಂದೇ. ಎರಡನೆಯದು ತಕ್ಕಡಿ. 100 ಎಎಚ್ ಸೆಲ್ ಒಂದಕ್ಕೆ ಸುಮಾರು ಎರಡು ಕೆಜಿ, ನಾಲ್ಕಕ್ಕೆ ಎಂಟು, ಮೇಲೆ ಪೆಟ್ಟಿಗೆ ಮತ್ತು ಬಿಎಂಎಸ್. ‘100 ಎಎಚ್’ ಎಂದು ಬರೆದ ಬ್ಯಾಟರಿ ಆರು ಕೆಜಿ ತೂಗಿದರೆ ಮಾತಾಡದೆ ಹೊರಗೆ ಬನ್ನಿ. ಮೂರನೆಯದು ಮನೆಯಲ್ಲಿ ಮಾಡುವ ಪರೀಕ್ಷೆ: ಪೂರ್ತಿ ಚಾರ್ಜು ಮಾಡಿ, ಹಳೆಯ ಹೆಡ್‌ಲೈಟ್ ಹ್ಯಾಲೊಜೆನ್ ಬಲ್ಬು ಎರಡನ್ನು, ಒಂದೊಂದರಲ್ಲಿ ಒಂದೇ ಫಿಲಮೆಂಟ್ ಉರಿಯುವಂತೆ, ಸಿಕ್ಕಿಸಿ. ಎರಡೂ ಸೇರಿ ಸುಮಾರು 10 ಆಂಪಿಯರ್ ಎಳೆಯುತ್ತವೆ. ಬಿಎಂಎಸ್ ಕಡಿಯುವ ತನಕ 10 ಗಂಟೆಗೆ ಹತ್ತಿರ ಬಂದರೆ ಮಾಲು ಸರಿ, ಆರೇ ಗಂಟೆಗೆ ನಿಂತರೆ ಒಳಗಿರುವುದು ಹಳೆಯ ಸೆಲ್ಲೋ ಸಣ್ಣ ಸೆಲ್ಲೋ ಇರಬೇಕು. ಬಲ್ಬು ಸುಡುವಷ್ಟು ಬಿಸಿಯಾಗುತ್ತದೆ, ಕಲ್ಲಿನ ಮೇಲೆ ಇಡಿ.

ಇಲ್ಲಿಯವರಿಗೆ ಮಂಗಳೂರು ಹತ್ತಿರ, ಅಲ್ಲಿ ಆಯ್ಕೆಯೂ ಜಾಸ್ತಿ. ತಲಪಾಡಿ ದಾಟಿ ತರುವುದಾದರೆ ಒಂದು ಮಾತು ಮೊದಲೇ ಕೇಳಿ: ಕೆಟ್ಟರೆ ಕಾಸರಗೋಡಿನ ಡೀಲರ್ ತೆಗೆದುಕೊಳ್ಳುತ್ತಾರೋ, ಅಥವಾ ಮತ್ತೆ ಅಲ್ಲಿಗೇ ಹೊತ್ತು ಹೋಗಬೇಕೋ? ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳುವುದನ್ನು ಮರೆಯಬೇಡಿ.

ರೆಡಿಮೇಡ್ ಪವರ್ ಸ್ಟೇಷನ್ ಬಗ್ಗೆ ಕೇಳುವವರು ಬಹಳ. ಬ್ಯಾಟರಿ, ಇನ್ವರ್ಟರ್, ಚಾರ್ಜರ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ, ವಯರಿಂಗ್ ತಲೆನೋವಿಲ್ಲ. ಉದಾಹರಣೆಗೆ ಇಕೋಫ್ಲೋ ಡೆಲ್ಟಾ 2: ಎಲ್‌ಎಫ್‌ಪಿ ಸೆಲ್, 1024 ವಾಟ್-ಅವರ್, ಸುಮಾರು 12 ಕೆಜಿ. ಮನೆಯ ಪ್ಲಗ್ಗಿನಲ್ಲಿ ಒಂದೂವರೆ ಗಂಟೆಯೊಳಗೆ ತುಂಬುತ್ತದೆ, ಕೆಲಸ ಅಚ್ಚುಕಟ್ಟು. ಆದರೆ ಕಾರಿನ ಸಿಗರೇಟ್ ಸಾಕೆಟಿನಿಂದ ಅದು ಎಳೆಯುವುದು 8 ಆಂಪಿಯರ್, ಅಂದರೆ ಸುಮಾರು 100 ವಾಟ್. ಕಾಸರಗೋಡಿನಿಂದ ರಾಣಿಪುರಕ್ಕೆ ಎರಡು ಗಂಟೆ ಓಡಿದರೆ ಸೇರುವುದು 200. ಖಾಲಿ ಪೆಟ್ಟಿಗೆ ತುಂಬಲು ಹತ್ತು ಗಂಟೆ ಗಾಡಿ ಓಡಿಸಬೇಕು. ಒಂದೇ ರಾತ್ರಿ ಹೋಗಿ ಬರುವವರಿಗೆ, ಬಾಡಿಗೆ ಗಾಡಿ ಬಳಸುವವರಿಗೆ ಇದೇ ಉತ್ತಮ. ಎರಡು ಮೂರು ದಿನ ಸುತ್ತುವವರಿಗೆ ಇದರ ಬಾಯಿ ಸಣ್ಣದಾಯಿತು.

ಗಲ್ಫಿನಲ್ಲಿರುವ ಭಾವನ ಕೈಯಲ್ಲಿ ತರಿಸುವ ಯೋಚನೆ ಇದ್ದರೆ ಅದನ್ನೂ ಬಿಡಿ. 160 ವಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರು ಕೈಚೀಲದಲ್ಲೂ ತರುವಂತಿಲ್ಲ, ಲಗೇಜಿನಲ್ಲೂ ಹಾಕುವಂತಿಲ್ಲ. 100ರಿಂದ 160ರ ನಡುವಿನದಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಪವರ್ ಸ್ಟೇಷನ್‌ಗಳಲ್ಲಿ ಚಿಕ್ಕದೆನ್ನುವವೂ 250ರ ಆಸುಪಾಸಿನವು. ವಿಮಾನ ನಿಲ್ದಾಣದಲ್ಲೇ ಬಿಟ್ಟು ಬರಬೇಕಾದೀತು.

ದುಡ್ಡು ಹಾಕಬೇಕಾದ ಜಾಗ ಡಿಸಿ-ಡಿಸಿ ಚಾರ್ಜರ್. ಗಾಡಿಯ ಬ್ಯಾಟರಿಗೂ ಹಿಂದಿನ ಎಲ್‌ಎಫ್‌ಪಿಗೂ ನಡುವೆ ಕೂತು, ಬಂದ ವೋಲ್ಟೇಜನ್ನು ಲಿಥಿಯಂಗೆ ಬೇಕಾದ 14.4ಕ್ಕೆ ಏರಿಸಿ, ಎಷ್ಟು ಆಂಪಿಯರ್ ಹೋಗಬೇಕೋ ಅಷ್ಟಕ್ಕೇ ಹಿಡಿದಿಡುವುದು ಇದರ ಕೆಲಸ. ಇದರ ಬದಲು ಒಂದು ರಿಲೇ (ವೋಲ್ಟೇಜ್ ಏರಿದಾಗ ತಾನೇ ಸೇರಿಕೊಳ್ಳುವ ಸ್ವಿಚ್) ಹಾಕಿ ಎರಡು ಬ್ಯಾಟರಿ ಜೋಡಿಸಿಕೊಡುವ ಮೆಕ್ಯಾನಿಕರು ಇದ್ದಾರೆ. ಹಳೆಯ ಗಾಡಿಗೆ, ಹಳೆಯ ಆ್ಯಸಿಡ್ ಬ್ಯಾಟರಿಗೆ ಅದು ನಡೆಯುತ್ತಿತ್ತು. ಈಗ ಎರಡು ತೊಂದರೆ. ಖಾಲಿ ಎಲ್‌ಎಫ್‌ಪಿ ಕೊಟ್ಟಷ್ಟೂ ಕುಡಿಯುತ್ತದೆ. ಘಾಟಿಯಲ್ಲಿ ನಿಧಾನ ಹೋಗುವಾಗ, ಐಡ್ಲಿನಲ್ಲಿ ನಿಂತಾಗ ಆಲ್ಟರ್ನೇಟರಿನ ಫ್ಯಾನು ಮೆಲ್ಲಗೆ ತಿರುಗುತ್ತದೆ, ಹೊರೆ ಮಾತ್ರ ಪೂರ್ತಿ. ವೈಂಡಿಂಗ್ ಸುಡುವುದು ಹೀಗೆ. ಇನ್ನೊಂದು, ಬಿಎಸ್ 6 ಬಂದ ಮೇಲಿನ ಹಲವು ಗಾಡಿಗಳಲ್ಲಿ ಡೀಸೆಲ್-ಪೆಟ್ರೋಲ್ ಉಳಿಸಲು ಆಲ್ಟರ್ನೇಟರ್ ವೋಲ್ಟೇಜನ್ನು ಆಗಾಗ 12.5ರ ಆಸುಪಾಸಿಗೆ ಇಳಿಸುತ್ತಾರೆ. ಆಗ ರಿಲೇ ಬಿಟ್ಟುಕೊಳ್ಳುತ್ತದೆ, ಹಿಂದಿನ ಬ್ಯಾಟರಿಗೆ ಏನೂ ಹೋಗುವುದಿಲ್ಲ.

30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಸಾಕು. ವಿಕ್ಟ್ರಾನ್ ಓರಿಯನ್ ಸರಣಿಯ 12/12-30 ಈ ವರ್ಗದಲ್ಲಿ ನಂಬಬಹುದಾದ ಮಾಲು. ಎರಡು ಗಂಟೆ ಓಡಿದರೆ 60 ಎಎಚ್, ಅಂದರೆ 768 ವಾಟ್-ಅವರ್. ಅದೇ ರಾಣಿಪುರದ ದಾರಿಯಲ್ಲಿ ಪವರ್ ಸ್ಟೇಷನ್ನಿಗೆ ಸೇರಿದ್ದು 200 ಎಂಬುದನ್ನು ನೆನಪಿಡಿ. ಚಿಕ್ಕ ಪೆಟ್ರೋಲ್ ಕಾರಾದರೆ 20 ಆಂಪಿಯರಿಗೇ ನಿಲ್ಲಿಸುವುದು ಕ್ಷೇಮ. ಇಂಜಿನ್ ಆಫ್ ಆದ ಕೂಡಲೇ ಚಾರ್ಜರೂ ನಿಲ್ಲುವಂತೆ ಇಗ್ನಿಷನ್ ವಯರಿಗೆ ಸೇರಿಸಬೇಕು. ಇಲ್ಲವಾದರೆ ಬೆಳಗ್ಗೆ ಹಿಂದಿನ ಬ್ಯಾಟರಿ ತುಂಬಿರುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ.

ಈಗ ವಯರು. ಹೆಚ್ಚಿನ ಕೆಲಸ ಹಾಳಾಗುವುದು ಇಲ್ಲೇ. 30 ಆಂಪಿಯರ್ ಹೊರಗೆ ಕೊಡುವ ಚಾರ್ಜರ್ ಒಳಗೆ ಸುಮಾರು 40 ಎಳೆಯುತ್ತದೆ, ಏಕೆಂದರೆ ಕಡಿಮೆ ವೋಲ್ಟೇಜನ್ನು ಏರಿಸಬೇಕು, ಅದರಲ್ಲಿ ಸ್ವಲ್ಪ ಬಿಸಿಯಾಗಿ ಹೋಗುತ್ತದೆ. ಬಾನೆಟ್ಟಿನಿಂದ ಹಿಂದಕ್ಕೆ 5 ಮೀಟರ್, ಹೋಗಿ ಬರುವುದು ಸೇರಿ 10. ತಾಮ್ರದ 10 ಸ್ಕ್ವೇರ್ ಎಂಎಂ ವಯರಿನಲ್ಲಿ 0.7 ವೋಲ್ಟ್ ದಾರಿಯಲ್ಲೇ ಕರಗುತ್ತದೆ, 16ರಲ್ಲಿ 0.44. 16ನ್ನೇ ಹಾಕಿ. ಕಾರ್ ಆ್ಯಂಪ್ಲಿಫೈಯರಿಗೆಂದು ಮಾರುವ ದಪ್ಪ ವಯರ್ ಕಿಟ್ಟುಗಳಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರ ಸವರಿದ್ದು ಜಾಸ್ತಿ. ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ನಮ್ಮ ತೇವಕ್ಕೆ, ಬೇಕಲ-ಉಪ್ಪಳದ ಕಡಲ ಗಾಳಿಗೆ ಅದು ಹೆಚ್ಚು ಕಾಲ ನಿಲ್ಲದು. ತವರ ಲೇಪಿಸಿದ ತಾಮ್ರದ ವಯರ್ ಸಿಕ್ಕಿದರೆ ಬಿಡಬೇಡಿ.

ಈ ವಯರಿನ ಎರಡು ತುದಿಯಲ್ಲೂ ಒಂದೊಂದು ಬ್ಯಾಟರಿ ಇದೆ. ಆದ್ದರಿಂದ ಫ್ಯೂಸ್ ಎರಡು ತುದಿಗೂ ಬೇಕು, ಪ್ಲಸ್ ಟರ್ಮಿನಲಿನಿಂದ ಒಂದು ಗೇಣಿನೊಳಗೆ. ಒಂದೇ ಕಡೆ ಹಾಕಿದರೆ, ನಡುವೆ ಎಲ್ಲೋ ವಯರು ತಗಡಿಗೆ ಉಜ್ಜಿ ಶಾರ್ಟ್ ಆದಾಗ ಇನ್ನೊಂದು ಕಡೆಯ ಬ್ಯಾಟರಿ ಅದನ್ನು ಕೆಂಪಗೆ ಕಾಯಿಸುತ್ತದೆ. 60 ಆಂಪಿಯರಿನ, ಬೋಲ್ಟ್ ಹಾಕಿ ಬಿಗಿಯುವ ಫ್ಯೂಸ್ ಇರಲಿ. ಸಿಕ್ಕಿಸುವ ಬ್ಲೇಡ್ ಫ್ಯೂಸಿನ ಅಗ್ಗದ ಹೋಲ್ಡರ್ 40 ಆಂಪಿಯರಿಗೆ ಕರಗುತ್ತದೆ, ಫ್ಯೂಸ್ ಮಾತ್ರ ಗಟ್ಟಿಯಾಗಿ ಉಳಿದಿರುತ್ತದೆ! ವಯರಿನ ತುದಿಗೆ ಹಾಕುವ ಲೋಹದ ಲಗ್ಗನ್ನು ಇಕ್ಕುಳದಲ್ಲಿ ಜಜ್ಜುವುದಲ್ಲ, ಹೈಡ್ರಾಲಿಕ್ ಕ್ರಿಂಪರ್ ಇರುವವರ ಹತ್ತಿರ ಒತ್ತಿಸಿ. ಮೈನಸ್ ವಯರನ್ನು ಹೊಸ ಗಾಡಿಗಳಲ್ಲಿ ಬ್ಯಾಟರಿಯ ಟರ್ಮಿನಲಿಗೆ ನೇರ ಕಟ್ಟಬೇಡಿ. ಅಲ್ಲಿ ಕರೆಂಟ್ ಅಳೆಯುವ ಸೆನ್ಸರ್ ಇದ್ದರೆ ಅದರ ಲೆಕ್ಕ ತಪ್ಪುತ್ತದೆ. ಬಾಡಿಯ ಅರ್ತ್ ಬೋಲ್ಟಿಗೆ ಕೊಡಿ.

ಇನ್ವರ್ಟರಿಗೆ ಹೆಚ್ಚು ಮಾತು ಬೇಡ. ಫ್ರಿಜ್ಜು, ಫ್ಯಾನು, ದೀಪ, ಮೊಬೈಲು ಎಲ್ಲ 12 ವೋಲ್ಟಿನಲ್ಲೇ ಓಡುತ್ತವೆ. ಲ್ಯಾಪ್‌ಟಾಪಿಗೂ ಈಗ 12 ವೋಲ್ಟಿನ ಟೈಪ್-ಸಿ ಚಾರ್ಜರ್ ಉಂಟು. ಬೇಕೇ ಬೇಕೆಂದರೆ 300 ವಾಟಿನ, ಮನೆಯ ಕರೆಂಟಿನಂತೆಯೇ ಕೊಡುವ ಪ್ಯೂರ್ ಸೈನ್ ವೇವ್ ಇರಲಿ. 1000 ವಾಟಿನದ್ದು ಪೂರ್ತಿ ಹೊರೆಗೆ 93 ಆಂಪಿಯರ್ ಎಳೆಯುತ್ತದೆ, ಸುಮ್ಮನೆ ಆನ್ ಇದ್ದರೂ ಗಂಟೆಗೆ ಹತ್ತು ವಾಟ್-ಅವರ್‌ನಷ್ಟು ನುಂಗುತ್ತದೆ.

ಸೋಲಾರ್: ಜನವರಿಯಿಂದ ಮಾರ್ಚ್ ತನಕ, ಪೈವಳಿಕೆ ಕಡೆಯ ಬೋಳು ಪದವಿನಲ್ಲಿ ಗಾಡಿ ನಿಲ್ಲಿಸುವುದಾದರೆ 100 ವಾಟಿನ ಪ್ಯಾನಲ್ ದಿನಕ್ಕೆ 300 ವಾಟ್-ಅವರ್ ಕೊಟ್ಟೀತು. ಕಂಗಿನ ತೋಟದ ಅಂಚಿನಲ್ಲಿ ಆ ಲೆಕ್ಕ ಬಿಡಿ. ಒಂದು ಮರದ ಕಾಂಡದಷ್ಟು ಅಗಲದ ನೆರಳು ಅಡ್ಡ ಬಿದ್ದರೂ ಸಾಲಾಗಿ ಜೋಡಿಸಿದ ಸೆಲ್ಲುಗಳ ಒಂದು ಇಡೀ ಭಾಗ ಮಲಗುತ್ತದೆ. ಹಾಗಾಗಿ ಛಾವಣಿಗೆ ತೂತು ಕೊರೆದು ಕೂರಿಸುವ ಪ್ಯಾನಲಿಗಿಂತ, 5 ಮೀಟರ್ ವಯರಿನ ಮಡಚುವ ಪ್ಯಾನಲ್ ವಾಸಿ: ಗಾಡಿ ನೆರಳಲ್ಲಿ, ಪ್ಯಾನಲ್ ಬಿಸಿಲಲ್ಲಿ. ಜೊತೆಗೆ ಪ್ಯಾನಲಿನ ಕರೆಂಟನ್ನು ಬ್ಯಾಟರಿಗೆ ಹೊಂದಿಸಿ ಕೊಡುವ ಎಂಪಿಪಿಟಿ ಕಂಟ್ರೋಲರ್. ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್ 18 ವೋಲ್ಟಿನ ಪ್ಯಾನಲನ್ನು ಬ್ಯಾಟರಿಯ 13ಕ್ಕೆ ಎಳೆದು ತರುವುದರಿಂದ ಕಾಲು ಭಾಗ ಅಲ್ಲೇ ನಷ್ಟ. ಜುಲೈಯಲ್ಲಿ ಯಾವುದೂ ಬೇಡ, ಪ್ಯಾನಲ್ ಮನೆಯಲ್ಲೇ ಇರಲಿ.

ಚಾರ್ಜು ಎಷ್ಟು ಉಳಿದಿದೆ ಎಂದು ವೋಲ್ಟ್‌ಮೀಟರ್ ನೋಡಿ ಹೇಳುವುದು ಎಲ್‌ಎಫ್‌ಪಿಯಲ್ಲಿ ಆಗದು. 70 ಶೇಕಡಾದಿಂದ 40ರ ತನಕ ಹೆಚ್ಚು ಕಡಿಮೆ 13.2ರಲ್ಲೇ ನಿಂತಿರುತ್ತದೆ, ಕೊನೆಗೆ ಖಾಲಿಯಾಗುವ ಹೊತ್ತಿಗೆ ಒಮ್ಮೆಲೇ ಬೀಳುತ್ತದೆ. ಮೈನಸ್ ದಾರಿಯಲ್ಲಿ ಶಂಟ್ (ಕರೆಂಟ್ ಅಳೆಯಲು ನಡುವೆ ಸೇರಿಸುವ ತುಂಡು) ಹಾಕಿ, ಹೋದ ಬಂದ ಆಂಪಿಯರ್ ಎಣಿಸುವ ಮೀಟರ್ ಬೇಕು.

ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಗಾಡಿಯ ಒಳಗೆ 60 ಡಿಗ್ರಿ ಸುಲಭವಾಗಿ ಬರುತ್ತದೆ. ಬಹಳಷ್ಟು ಎಲ್‌ಎಫ್‌ಪಿ 45 ದಾಟಿದ ಮೇಲೆ ಚಾರ್ಜು ತೆಗೆದುಕೊಳ್ಳಬಾರದು. ಬ್ಯಾಟರಿ ಸೀಟಿನ ಕೆಳಗಿರಲಿ, ಗಾಜಿನ ಬದಿಗೆ ಬೇಡ, ಬಾನೆಟ್ಟಿನೊಳಗೆ ಮೊದಲೇ ಬೇಡ. ಡಿಸಿ-ಡಿಸಿ ಚಾರ್ಜರಿನ ಸುತ್ತ ಒಂದು ಅಂಗೈ ಜಾಗ ಬಿಡಿ. ಅದರ ಮೇಲೆ ಚಾಪೆ-ದಿಂಬು ಒಟ್ಟಿದರೆ ತನ್ನಿಂದ ತಾನೇ ಕರೆಂಟು ಇಳಿಸಿಕೊಳ್ಳುತ್ತದೆ.

ಆಟಿಯಲ್ಲಿ ಗಾಡಿ ಶೆಡ್ಡಿನಲ್ಲೇ ಇರುವುದಾದರೆ ಬ್ಯಾಟರಿಯನ್ನು 50-60 ಶೇಕಡಾಕ್ಕೆ ತಂದು, ವಯರು ಬಿಚ್ಚಿ ಒಳಗಿಡಿ. ಖಾಲಿ ಮಾಡಿ ಬಿಟ್ಟರೆ ಬಿಎಂಎಸ್ ತನ್ನ ಪಾಲು ತಿನ್ನುತ್ತಾ 10 ವೋಲ್ಟಿನ ಕೆಳಗೆ ಇಳಿಸಿ ಕಡಿದುಕೊಳ್ಳುತ್ತದೆ, ಮೀಟರ್ ಸೊನ್ನೆ ತೋರಿಸುತ್ತದೆ. ಸತ್ತಿತೆಂದು ಗುಜರಿಗೆ ಕೊಡುವ ಮೊದಲು, ಲಿಥಿಯಂ ಎಬ್ಬಿಸುವ ಸೌಲಭ್ಯ ಇರುವ ಚಾರ್ಜರಿಗೆ ಒಮ್ಮೆ ಸಿಕ್ಕಿಸಿ ನೋಡಿ. ಮಳೆ ಬಿಟ್ಟು ಮತ್ತೆ ಜೋಡಿಸಿದ ಮೇಲೆ, ಜಾಲ್ಸೂರು ರಸ್ತೆಯಲ್ಲೋ ಪಾಣತ್ತೂರು ಕಡೆಯಲ್ಲೋ ಮೊದಲ ಸಲ 100 ಕಿಲೋಮೀಟರ್ ಓಡಿಸಿ ನಿಲ್ಲಿಸಿ, ಪ್ರತಿ ಲಗ್ಗನ್ನೂ ಹೊರಗಿನ ಸ್ಲೀವಿನ ಮೇಲಿಂದ ಬೆರಳಲ್ಲಿ ಮುಟ್ಟಿ. ಉಳಿದವುಗಳಿಗಿಂತ ಬಿಸಿ ಇರುವುದು ಸಡಿಲಾಗಿದೆ. ಮೊದಲು ಎರಡೂ ಬ್ಯಾಟರಿಯ ಮೈನಸ್ ಬಿಚ್ಚಿ, ಆಮೇಲೆ ಅದನ್ನು ಬಿಗಿ ಮಾಡಿ.