ಬೆಟ್ಟದಲ್ಲಿ ರಾತ್ರಿ ತಂಗಲು: ಕ್ಯಾಬಿನ್ನಾ, ಟೆಂಟಾ?

ಮೊದಲು ಚಳಿ ಲೆಕ್ಕ ಹಾಕಿ. 1000 ಮೀಟರ್ ಮೇಲೇರಿದರೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪು ಜಾಸ್ತಿ. ಟೆಂಟ್‌ನಲ್ಲಿ ಮೈಯ ಬಿಸಿಯನ್ನು ನೆಲವೇ ಎಳೆದುಕೊಳ್ಳುತ್ತದೆ. ದಪ್ಪ ಸ್ಲೀಪಿಂಗ್ ಬ್ಯಾಗ್ ಇದ್ದರೂ ಮೈಭಾರಕ್ಕೆ ಕೆಳಭಾಗ ಚಪ್ಪಟೆಯಾಗಿ ಬಿಸಿ ಹಿಡಿದಿಡುವುದಿಲ್ಲ, ಹಾಗಾಗಿ ಕೆಳಗೆ ಹಾಸಲು ಒಳ್ಳೆ ಮ್ಯಾಟ್ ಬೇಕೇ ಬೇಕು. ಕ್ಯಾಬಿನ್‌ನಲ್ಲಿ ಆ ತೊಂದರೆ ಕಡಿಮೆ. ಆದರೆ ಹಾಸಿಗೆ, ಒಲೆ, ನೀರು ಇದೆಯಾ ಅಂತ ಮೊದಲೇ ಕೇಳಿ. ಕೆಲವು ಕಡೆ ಬರೀ ಮಂಚ ಇರುತ್ತದೆ, ಅಷ್ಟೇ.

ಖರ್ಚು? ಅಪರೂಪಕ್ಕೆ ಹೋಗುವವರು ನಾಲ್ಕೈದು ಜನ ಹಂಚಿಕೊಂಡರೆ ಕ್ಯಾಬಿನ್ ಬಾಡಿಗೆ ಹೊರೆಯಾಗದು. ಪದೇ ಪದೇ ಹೋಗುವವರಿಗೆ ಟೆಂಟ್ ಲಾಭ.

ಪುಟ್ಟ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ನಾನಂತೂ ಕ್ಯಾಬಿನ್ ಅನ್ನುತ್ತೇನೆ. ದಿನಕ್ಕೊಂದು ಜಾಗ ಬದಲಿಸುವ ಚಾರಣಕ್ಕೆ ಟೆಂಟೇ ಸರಿ. ಎಲ್ಲೇ ಇರಿ, ಒಳಗೆ ಕೆಂಡ ಇಟ್ಟುಕೊಂಡು ಮಲಗಬೇಡಿ. ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇಲ್ಲ.