ಸ್ಯಾಪ್, ಸೇಲ್ಸ್‌ಫೋರ್ಸ್, ಇಆರ್‌ಪಿನೆಕ್ಸ್ಟ್: ಪುಣೆಯಲ್ಲಿ ನಾನು ಹೊಕ್ಕು ನೋಡಿದ ಮೂರು ದಾರಿ

ಹನ್ನೆರಡು ವರ್ಷ ಜಾವಾ ಬರೆದ ಮೇಲೆ ನನಗೆ ಕನ್ಸಲ್ಟಂಟ್ ಆಗುವ ಹುಚ್ಚು ಹಿಡಿಯಿತು. ಹಿಂಜೆವಾಡಿಯಲ್ಲಿ ಆಫೀಸು, ಕೋಥ್ರೂಡಿನಲ್ಲಿ ಮನೆ, ಮನೆಯ ಮೇಲೆ ಸಾಲ. ಕೋಡ್ ಬರೆದು ಬೇಸರ ಬಂದಿರಲಿಲ್ಲ. ಏನು ಮಾಡಬೇಕು ಅಂತ ಯಾರೋ ಎಲ್ಲೋ ಕೂತು ತೀರ್ಮಾನಿಸಿ, ನನಗೆ ಎಕ್ಸೆಲ್ ಶೀಟ್ ಕಳಿಸುತ್ತಿದ್ದರಲ್ಲ, ಅದು ಬೇಸರ ತಂದಿತ್ತು. ಆ ತೀರ್ಮಾನ ಆಗುವ ಕೋಣೆಯಲ್ಲಿ ನನಗೂ ಒಂದು ಕುರ್ಚಿ ಬೇಕಿತ್ತು. ಆರು ವರ್ಷದಲ್ಲಿ ಮೂರು ದಾರಿ ಹಿಡಿದು ನೋಡಿದೆ. ಊರ ಕಡೆಯ ಹುಡುಗರು ಆಗಾಗ ಫೋನ್ ಮಾಡಿ "ಯಾವುದು ಛಲೋ ಅಣ್ಣಾ?" ಅಂತ ಕೇಳುತ್ತಾರೆ. ಪ್ರತಿ ಸಲ ಒಂದು ಗಂಟೆ ಮಾತಾಡುವ ಬದಲು ಬರೆದೇ ಬಿಡೋಣ ಅನ್ನಿಸಿತು.

ಮೊದಲು ಹೊಕ್ಕಿದ್ದು ಸ್ಯಾಪ್, ದೊಡ್ಡ ಕಂಪನಿಗಳ ಖರೀದಿ, ಮಾಲು, ಲೆಕ್ಕಪತ್ರ ಎಲ್ಲ ನೋಡಿಕೊಳ್ಳುವ ಸಾಫ್ಟ್‌ವೇರ್. ಇದ್ದ ಕಂಪನಿಯಲ್ಲೇ ಟೀಮ್ ಬದಲಿಸಿ ಅದರ ಕೋಡ್ ಭಾಷೆ ಅಬಾಪ್ ಕಲಿತೆ. ಸಂಬಳಕ್ಕೆ ಏಟು ಬೀಳಲಿಲ್ಲ. 1972ರಲ್ಲಿ ಐಬಿಎಂ ಬಿಟ್ಟ ಐದು ಜನ ಜರ್ಮನಿಯಲ್ಲಿ ಕಟ್ಟಿದ ಕಂಪನಿ ಸ್ಯಾಪ್. ಆ ಜರ್ಮನ್ ವಾಸನೆ ಇವತ್ತಿಗೂ ಹೋಗಿಲ್ಲ. ಡೇಟಾಬೇಸಿನಲ್ಲಿ ಪ್ಲಾಂಟಿನ ಹೆಸರು 'ವೆರ್ಕ್ಸ್', ಸಪ್ಲೈಯರ್ ನಂಬರು 'ಲಿಫ್ನರ್'. ಮೊದಲ ತಿಂಗಳು ತಲೆ ಕೆಡುತ್ತದೆ, ಆಮೇಲೆ ಬಾಯಿಪಾಠ ಆಗುತ್ತದೆ. ಕೆಲಸಕ್ಕಂತೂ ಬರ ಇಲ್ಲ. ಹಳೆಯ ಆವೃತ್ತಿ ಇಸಿಸಿಗೆ ಸ್ಯಾಪ್ ಕಂಪನಿಯ ಮಾಮೂಲಿ ಸಪೋರ್ಟ್ 2027ರ ಕೊನೆಗೆ ಮುಗಿಯುತ್ತದೆ. ಹಾಗಾಗಿ ಎಲ್ಲರೂ ಹೊಸ ಆವೃತ್ತಿ ಎಸ್/4 ಹಾನಾ ಕಡೆಗೆ ಗಂಟುಮೂಟೆ ಕಟ್ಟುತ್ತಿದ್ದಾರೆ.

ಆದರೆ ಸ್ಯಾಪ್ ಜಗತ್ತಿನಲ್ಲಿ ಎರಡು ಜಾತಿ: ಫಂಕ್ಷನಲ್ ಮತ್ತು ಟೆಕ್ನಿಕಲ್. ಗಿರಾಕಿಯ ಎದುರು ಕೂರುವವರು ಫಂಕ್ಷನಲ್. ಪ್ರೋಗ್ರಾಮರ್ ಅಂತ ಒಳಗೆ ಬಂದವನು ಟೆಕ್ನಿಕಲ್, ಅವನಿಗೆ ಬರುವುದು ಮತ್ತದೇ ಎಕ್ಸೆಲ್ ಶೀಟ್. ಚಾಕಣದ ಒಂದು ಬಿಡಿಭಾಗ ಕಾರ್ಖಾನೆಗೆ ನಾನು ಜಾಬ್ ವರ್ಕ್ ರಿಪೋರ್ಟ್ ಬರೆದೆ. ಮಾಲನ್ನು ಹೊರಗಿನವರಿಗೆ ಕೊಟ್ಟು ಕೆಲಸ ಮಾಡಿಸಿಕೊಳ್ಳುವುದೇ ಜಾಬ್ ವರ್ಕ್. ಸ್ಯಾಪಿನಲ್ಲಿ ಮಾಲಿನ ಓಡಾಟಕ್ಕೆ ಒಂದೊಂದು ನಂಬರು: 541ರಲ್ಲಿ ಮಾಲು ಹೊರಗಿನವರಿಗೆ ಹೋಗುತ್ತದೆ, ಅವರು ಮಾಡಿಕೊಟ್ಟದ್ದು ವಾಪಸ್ ಬಂದಾಗ 543ರಲ್ಲಿ ಖರ್ಚು ಬೀಳುತ್ತದೆ. ಮಾಲು ಹೋಗಿ 300 ದಿನ ದಾಟಿದರೆ ಆ ಸಾಲು ಕೆಂಪಾಗಬೇಕು ಅಂತ ಶೀಟಿನಲ್ಲಿತ್ತು. ಕೆಂಪು ಮಾಡಿದೆ. 300 ಯಾಕೆ ಅಂತ ಕೇಳಲಿಲ್ಲ, ಕೇಳೋಕೆ ಎದುರಿಗೆ ಯಾರೂ ಇರಲಿಲ್ಲ. ಚಾಕಣ ನಮ್ಮ ಆಫೀಸಿನಿಂದ ಗಾಡಿಯಲ್ಲಿ ಒಂದು ಗಂಟೆ. ಇಪ್ಪತ್ತಾರು ತಿಂಗಳಲ್ಲಿ ಒಮ್ಮೆಯೂ ಹೋಗಲಿಲ್ಲ. ಫಂಕ್ಷನಲ್‌ಗೆ ಬರುತ್ತೇನೆ ಅಂದರೆ "ನಿನಗೆ ಡೊಮೇನ್ ಇಲ್ಲ" ಅಂದರು, ಅಂದರೆ ಗಿರಾಕಿಯ ವ್ಯವಹಾರದ ತಿಳಿವಳಿಕೆ ಇಲ್ಲ ಅಂತ. ಸಿಟ್ಟು ಬಂತು, ಆದರೆ ಅವರು ಹೇಳಿದ್ದು ಸುಳ್ಳೇನಲ್ಲ.

ಅಲ್ಲಿಂದ ಬಾಣೇರಿನ ಒಂದು ಸಣ್ಣ ಸೇಲ್ಸ್‌ಫೋರ್ಸ್ ಪಾರ್ಟ್ನರ್ ಕಂಪನಿಗೆ ಹೋದೆ. ಸೇಲ್ಸ್‌ಫೋರ್ಸ್ ಅಂದರೆ ಮಾರಾಟದ, ಗಿರಾಕಿಗಳ ಲೆಕ್ಕ ಇಡುವ ಸಾಫ್ಟ್‌ವೇರ್, ಅದನ್ನು ಬೇರೆ ಕಂಪನಿಗಳಿಗೆ ಹೊಂದಿಸಿ ಕೊಡುವವರು ಪಾರ್ಟ್ನರ್. ಸಂಬಳ ಸ್ವಲ್ಪ ಇಳಿಯಿತು. ಮನೆಯವಳು ಎರಡು ದಿನ ಮಾತಾಡಲಿಲ್ಲ. ಕಲಿಯೋದು ಸುಲಭ: ಟ್ರೇಲ್‌ಹೆಡ್ ಅನ್ನೋ ಅವರದ್ದೇ ಪಾಠದ ಸೈಟು ಪುಕ್ಕಟೆ, ಅವರ ಏಪೆಕ್ಸ್ ಭಾಷೆ ಜಾವಾದ ತಮ್ಮನ ಹಾಗಿದೆ. ಒಂದೇ ವ್ಯತ್ಯಾಸ, ಸರ್ವರು ಬಾಡಿಗೆ ಮನೆ ಇದ್ದ ಹಾಗೆ. ಒಂದು ಟ್ರಾನ್ಸಾಕ್ಷನ್ನಿನಲ್ಲಿ ಡೇಟಾಬೇಸಿಗೆ 100 ಕ್ವೆರಿಗಿಂತ ಜಾಸ್ತಿ ಹೊಡೆದರೆ ಮಾಲೀಕ ಹೊರಗೆ ಹಾಕುತ್ತಾನೆ. 75% ಕೋಡಿಗೆ ಟೆಸ್ಟ್ ಇಲ್ಲದಿದ್ದರೆ ಪ್ರೊಡಕ್ಷನ್ನಿಗೆ, ಅಂದರೆ ಗಿರಾಕಿ ಬಳಸುವ ಸಿಸ್ಟಮ್ಮಿಗೆ, ಹೋಗುವುದೇ ಇಲ್ಲ. ಪ್ಲಾಟ್‌ಫಾರ್ಮ್ ಡೆವಲಪರ್ ಪರೀಕ್ಷೆಯಲ್ಲಿ 60 ಪ್ರಶ್ನೆ, 105 ನಿಮಿಷ. ಜಾವಾ ಬಂದವನಿಗೆ ಎರಡು ತಿಂಗಳು ಸಾಕು. ತೊಂದರೆ ಏನಂದ್ರೆ, ಎಲ್ಲರಿಗೂ ಎರಡು ತಿಂಗಳೇ ಸಾಕು. ಪುಣೆಯಲ್ಲಿ ಈ ಸರ್ಟಿಫಿಕೇಟ್ ಇದ್ದವರು ಓಣಿಗೊಬ್ಬರು.

ಆದರೂ ನಾನು ಕನ್ಸಲ್ಟಿಂಗ್ ಅನ್ನುವುದನ್ನು ಕಲಿತದ್ದು ಅಲ್ಲೇ. ಎರಡನೇ ವಾರಕ್ಕೇ ಖರಾಡಿಯಲ್ಲಿ ಒಂದು ಕಂಪನಿಯ ಸೇಲ್ಸ್ ಮುಖ್ಯಸ್ಥರ ಎದುರು ಕೂರಿಸಿದರು. ಅವರು ಒಂದು ಫೀಲ್ಡ್, ಅಂದರೆ ಸ್ಕ್ರೀನಿನಲ್ಲಿ ತುಂಬುವ ಖಾನೆ, ಕೇಳಿದರು, ನಾನು ಹೂಂ ಅಂದೆ. ಇನ್ನೊಂದು ಕೇಳಿದರು, ಮತ್ತೆ ಹೂಂ. ಪ್ರೋಗ್ರಾಮರ್ ಬುದ್ಧಿ ನೋಡಿ, ಮಾಡೋಕೆ ಆಗುತ್ತೆ ಅಂದರೆ ಮಾಡಬೇಕು ಅಂತಲೇ ಅರ್ಥ. ಮೂರು ತಿಂಗಳಿಗೆ ಒಂದೇ ಪೇಜಿನಲ್ಲಿ 61 ಫೀಲ್ಡ್ ಆದವು. ಸೇಲ್ಸ್ ಹುಡುಗರು ತುಂಬುತ್ತಿದ್ದದ್ದು ಆರೋ ಏಳೋ. ನಮ್ಮ ಮ್ಯಾಡಮ್ ಮರಾಠಿಯಲ್ಲಿ ಬೈದದ್ದನ್ನು ಕನ್ನಡಕ್ಕೆ ತಂದರೆ ಹೀಗೆ: "ಕೇಳಿದ್ದಕ್ಕೆಲ್ಲ ಹೂಂ ಅನ್ನೋಕೆ ನೀವೇ ಯಾಕೆ ಬೇಕು?" ಆಮೇಲೆ ಅವರೇ ಒಂದು ಪ್ರಶ್ನೆ ಕಲಿಸಿದರು. ಈ ಫೀಲ್ಡ್ ಖಾಲಿ ಬಿಟ್ಟರೆ ಸೋಮವಾರ ಬೆಳಿಗ್ಗೆ ಯಾರ ಕೆಲಸ ನಿಲ್ಲುತ್ತೆ? ಉತ್ತರ ಬರದಿದ್ದರೆ ಫೀಲ್ಡ್ ಇಲ್ಲ. ಮುಂದಿನ ಗಿರಾಕಿಯ ಹತ್ತಿರ ಒಂಬತ್ತು ಫೀಲ್ಡಿಗೇ ನಿಂತಿತು.

ಎರಡೂವರೆ ವರ್ಷದ ಮೇಲೆ ಇಆರ್‌ಪಿನೆಕ್ಸ್ಟ್ ಹಿಡಿದು ಸ್ವಂತಕ್ಕೆ ಇಳಿದೆ. ಸ್ಯಾಪ್ ಮಾಡುವಂಥದ್ದೇ ಕೆಲಸ ಮಾಡುವ ಸಾಫ್ಟ್‌ವೇರ್ ಅದು, ಮುಂಬೈನ ಫ್ರಾಪೆ ಕಂಪನಿಯದ್ದು, ಓಪನ್ ಸೋರ್ಸ್, ಪೈಥಾನ್ ಭಾಷೆ ಮತ್ತು ಮರಿಯಾಡಿಬಿ ಡೇಟಾಬೇಸ್. ಲೈಸೆನ್ಸಿಗೆ ದುಡ್ಡು ಕೊಡಬೇಕಿಲ್ಲ, ಹಾಗಾಗಿ ಭೋಸರಿಯ ಸಣ್ಣ ಕಾರ್ಖಾನೆಗಳು ಬಾಗಿಲು ತೆರೆಯುತ್ತವೆ. ಮೊದಲ ಗಿರಾಕಿಗೆ ಬೇಕಾದದ್ದೂ ಜಾಬ್ ವರ್ಕ್ ಲೆಕ್ಕವೇ. ಅಯ್ಯೋ, ಇದು ನನಗೆ ಗೊತ್ತಿರೋದೇ ಅಂದುಕೊಂಡು ಎರಡು ವಾರ ಮನೆಯಲ್ಲಿ ಕೂತು ಚಂದದ ಸ್ಕ್ರೀನ್ ಬರೆದೆ. ಮಾಲು ಕಳಿಸೋಕೆ ಒಂದು ಚಲನ್, ಅದಕ್ಕೆ ಒಂದು ವಾಪಸಾತಿ.

ಸ್ಟೋರ್ಸಿನಲ್ಲಿದ್ದವರು ಜಮಖಂಡಿ ಕಡೆಯ ಒಬ್ಬ ಕಾಕಾ. ಕನ್ನಡ ಕೇಳಿ ಖುಷಿಯಾಗಿ ಚಹಾ ತರಿಸಿದರು. ಸ್ಕ್ರೀನನ್ನು ತಿರುಗಿಯೂ ನೋಡಲಿಲ್ಲ. ಗೋಡೆಯಲ್ಲಿ ಒಂದು ಉದ್ದ ಮೊಳೆ ಇತ್ತು, ಅದಕ್ಕೆ ಚುಚ್ಚಿದ ಗುಲಾಬಿ ಚಲನ್ನುಗಳ ಕಂತೆ. "ನಿಮ್ಮ ಕಂಪ್ಯೂಟರ್ ಏನರ ಹೇಳ್ಲಿ ಸರ್, ಮೊಳಿ ಮ್ಯಾಲಿಂದ ಕಾಗದ ಇಳೀತಂದ್ರ ಮಾಲು ಬಂತಂತ ಲೆಕ್ಕ" ಅಂದರು. ಒಂದನ್ನು ತೆಗೆದು ತಿರುವಿ ತೋರಿಸಿದರು. 500 ಬ್ರಾಕೆಟ್ ಜಿಂಕ್ ಪ್ಲೇಟಿಂಗಿಗೆ ಹೋಗಿತ್ತು. ಹಿಂದೆ ಪೆನ್ಸಿಲಿನಲ್ಲಿ 200, 180, 100. ಇನ್ನೂ 20 ಬರಬೇಕು, ಪ್ಲೇಟಿಂಗ್ ಕೆಟ್ಟು ಅಲ್ಲೇ ಉಳಿದಿವೆ. ಕಂತಿನಲ್ಲಿ ಬರುವ ಮಾಲಿಗೆ ನನ್ನ ಸ್ಕ್ರೀನಿನಲ್ಲಿ ಜಾಗವೇ ಇರಲಿಲ್ಲ. ಇಆರ್‌ಪಿನೆಕ್ಸ್ಟಿನಲ್ಲಿ ಆಗಲೇ ಇದ್ದ ಸಬ್‌ಕಾಂಟ್ರಾಕ್ಟಿಂಗ್ ರಿಸೀಟ್ ಅನ್ನೋ ಸ್ಕ್ರೀನಿನಲ್ಲಿ ಅದಕ್ಕೆ ಜಾಗ ಇತ್ತು. ಎರಡು ವಾರದ ಕೋಡ್ ಅವತ್ತೇ ಕಸಕ್ಕೆ ಹೋಯಿತು.

300ರ ಗುಟ್ಟು ಒಡೆದದ್ದೂ ಅಲ್ಲೇ. ಜಾಬ್ ವರ್ಕಿಗೆ ಕಳಿಸಿದ ಕಚ್ಚಾ ಮಾಲು ಒಂದು ವರ್ಷದೊಳಗೆ ವಾಪಸ್ ಬರದಿದ್ದರೆ, ಕಳಿಸಿದ ದಿನವೇ ಮಾರಿದ ಹಾಗೆ ಅಂತ ಜಿಎಸ್‌ಟಿ ಕಾನೂನು ಲೆಕ್ಕ ಹಿಡಿಯುತ್ತದೆ. ತೆರಿಗೆಯ ಜೊತೆ ಬಡ್ಡಿ. ಆ ಕಾರ್ಖಾನೆಯ ಸಿಎ ಎರಡು ನಿಮಿಷದಲ್ಲಿ ಹೇಳಿದರು. ಹಿಂಜೆವಾಡಿಯಲ್ಲಿ ನಾನು ಕೆಂಪು ಬಳಿದ ಸಾಲು ಅಂದರೆ 65 ದಿನದ ಎಚ್ಚರಿಕೆ ಗಂಟೆ!

ಇಷ್ಟು ಕೇಳಿ ಯಾರೂ ನಾಳೆಯೇ ರಾಜೀನಾಮೆ ಬರೆಯಬೇಡಿ. ದುಡ್ಡಿನ ಮಾತು ಬಾಕಿ ಇದೆ. ಒಬ್ಬ ಗಿರಾಕಿಗೆ ಫೆಬ್ರವರಿಯಲ್ಲಿ 3 ಲಕ್ಷದ ಬಿಲ್ ಕೊಟ್ಟೆ, ಮೇಲೆ 18% ಜಿಎಸ್‌ಟಿ, 54,000. ಹಣ ಬಂದದ್ದು ಜೂನಿನಲ್ಲಿ. ಸರ್ಕಾರ ಜೂನಿನವರೆಗೆ ಕಾಯುತ್ತಾ? ಮಾರ್ಚ್ 20ರೊಳಗೆ ನನ್ನ ಜೇಬಿನಿಂದಲೇ ಕಟ್ಟಿದೆ. ಕೊನೆಗೆ ಬಂದ ಹಣದಲ್ಲೂ 10% ಟಿಡಿಎಸ್ ಕಡಿತ. ಆ ನಾಲ್ಕು ತಿಂಗಳು ಮನೆ ಸಾಲದ ಕಂತಿಗೆ ಬಾವನ ಹತ್ತಿರ ಕೈಚಾಚಿದೆ. ಈಗ 40% ಮುಂಗಡ ಬರದೆ ಲ್ಯಾಪ್‌ಟಾಪ್ ತೆರೆಯುವುದಿಲ್ಲ. ಉದ್ಯಮ್ ನೋಂದಣಿ ಮಾಡಿಸಿದ್ದೇನೆ. ನೋಂದಣಿ ಇರುವ ಸಣ್ಣವರಿಗೆ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು ಅಂತ ಕಾನೂನಿದೆ. ಕೋರ್ಟಿಗೆ ಯಾರು ಹೋಗ್ತಾರೆ ಬಿಡಿ, ಆದರೆ ಬಿಲ್ಲಿನ ಕೆಳಗೆ ಆ ನಂಬರು ಇದ್ದರೆ ಅಕೌಂಟ್ಸಿನವರು ಫೋನಾದರೂ ಎತ್ತುತ್ತಾರೆ.

ಹಾಗಾದರೆ ಯಾವುದು? ಸಾಲದ ಕಂತು ಇದ್ದರೆ ಸಣ್ಣ ಪಾರ್ಟ್ನರ್ ಕಂಪನಿ, ಕಣ್ಣು ಮುಚ್ಚಿಕೊಂಡು. ಸಂಬಳ ತಿಂಗಳಿಗೆ ಬರುತ್ತೆ, ಗಿರಾಕಿ ಎದುರಿಗಿರುತ್ತಾನೆ, ತಪ್ಪಿಗೆ ಬೈಯೋಕೆ ಒಬ್ಬರು ಇರುತ್ತಾರೆ. ಸ್ಯಾಪಿಗೆ ಹೋಗುವುದಾದರೆ ಫಂಕ್ಷನಲ್ ಕುರ್ಚಿ ಅಂತ ಆಫರ್ ಲೆಟರಿನಲ್ಲಿ ಬರೆಸಿಕೊಂಡು ಹೋಗಿ. "ಆರು ತಿಂಗಳ ಮೇಲೆ ನೋಡೋಣ" ಅಂದರೆ ಆಗಲ್ಲ ಅಂತಲೇ ಅರ್ಥ. ಸ್ವಂತದ್ದು ನನಗೆ ಎಲ್ಲಕ್ಕಿಂತ ಇಷ್ಟ, ಆದರೆ ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿ ಇಲ್ಲದೆ ಬೇಡ.

ನಾನು ಇನ್ನೂ ಪೂರ್ತಿ ಒಂದು ಕಡೆ ನಿಂತಿಲ್ಲ. ಗುರುವಾರ ಭೋಸರಿಯ ಕಾರ್ಖಾನೆಗಳಿಗೆ ವಾರದ ರಜೆ. ಅವತ್ತು ಬಾಣೇರಿಗೆ ಹೋಗಿ ಹಳೆಯ ಮ್ಯಾಡಮ್ ಹತ್ತಿರ ದಿನಗೂಲಿ ಲೆಕ್ಕದಲ್ಲಿ ಸೇಲ್ಸ್‌ಫೋರ್ಸ್ ನೋಡಿಕೊಳ್ಳುತ್ತೇನೆ. ಕಾಕಾ ಈಗ ವಾಪಸ್ ಬಂದ ಮಾಲನ್ನು ಫೋನಿನಲ್ಲೇ ಹಾಕುತ್ತಾರೆ. ಮೊಳೆ ಮಾತ್ರ ಗೋಡೆಯಲ್ಲೇ ಇದೆ. ಕೀಳಿಸಿ ಅಂತ ನಾನೂ ಹೇಳಿಲ್ಲ.